ಚರ್ಮದೊಳಗಿನ ಕಪ್ಪು

೧೯೭೬, ಮಾಘ ಮಾಸದ ಒಂದು ರವಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಅಣ್ಣಿಗೇರಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಅವ್ವ, ನನ್ನ ತಂಗಿ. ಮೊರಬದಿಂದ ಟ್ರ್ಯಾಕ್ಟರಿನಲ್ಲಿ ಬಂದ ತಂಗಿಯ ಗಂಡ, ಆಕೆಯ ಅತ್ತೆ ಮತ್ತು ಅತ್ತೆಯ ತಮ್ಮ, ಅಂದರೆ ಗಂಡನ ಸೋದರಮಾವ. ಒಟ್ಟು ಆರು ಜನ. ಹನ್ನೊಂದು ಗಂಟೆಯೊಳಗೆ ಅವರಲ್ಲಿ ನಾಲ್ವರಿಗೆ ಗಾಯವಾಗಿತ್ತು.

ನಾನು ಆಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೋರ್ಡಿಂಗಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು. ಇವತ್ತಿಗೂ ಐದಕ್ಕೆ ಎಚ್ಚರವಾಗುತ್ತದೆ. ಯಾವ ಕೆಲಸವನ್ನೂ ಅಳತೆಯಿಲ್ಲದೆ ಮಾಡಿದವನಲ್ಲ. ಆ ರವಿವಾರ ನಡೆದದ್ದಕ್ಕೆ ಮೂಲ ಕಾರಣ ಅಂಥದೇ ಒಂದು ಅಳತೆ.

ತಂಗಿಗೆ ಇಪ್ಪತ್ನಾಲ್ಕು ವರ್ಷ. ಮದುವೆಯಾಗಿ ಮೂರು ವರ್ಷವಾಗಿತ್ತು. ಮೂರನೆಯ ವರ್ಷ ಅವಳ ತಲೆ ಬೆಳ್ಳಗಾಗತೊಡಗಿತು. ನಾಲಿಗೆ ಕೆಂಪಗೆ ಉರಿಯುತ್ತಿತ್ತು, ಪಾದಗಳಲ್ಲಿ ಜೋಮು, ಒಂದು ಕೊಡ ನೀರು ಹೊತ್ತರೆ ಏದುಸಿರು. ಮೊರಬದ ಮನೆಯವರಿಗೆ ಕಂಡದ್ದು ಕೂದಲು ಮಾತ್ರ. ಹುಡುಗಿಗೆ ವಯಸ್ಸಾಗಿದೆ, ಬಣ್ಣ ಹಚ್ಚಿ ನಮ್ಮ ಕೊರಳಿಗೆ ಕಟ್ಟಿದ್ದಾರೆ ಎಂದರು. ಶಾಲೆಯ ದಾಖಲೆ ತೋರಿಸಿದರೆ, ಅಣ್ಣ ಮಾಸ್ತರ, ದಾಖಲೆ ಬರೆದವನೂ ಮಾಸ್ತರ ಎಂದು ನಕ್ಕರು. ದೀಪಾವಳಿಗೆ ತವರಿಗೆ ಬಂದವಳನ್ನು ಕರೆದೊಯ್ಯಲು ಯಾರೂ ಬರಲಿಲ್ಲ.

ನಾನು ಅವಳನ್ನು ಗದಗಿನ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ರಕ್ತ ತಯಾರಾಗಲು ಬೇಕಾದ ಒಂದು ಜೀವಸತ್ವ ಅವಳಿಗೆ ಕಡಿಮೆಯಾಗಿದೆ ಎಂದು ಅವರು ಹೇಳಿ, ಕೆಂಪು ಬಣ್ಣದ ಇಂಜೆಕ್ಷನ್ ಬರೆದುಕೊಟ್ಟರು. ಕೂದಲಿನ ವಿಷಯ ಕೇಳಿದೆ.

“ರೋಗ ಹೋಗತದ. ಕೂದಲಿಂದು ಖಾತ್ರಿ ಹೇಳಂಗಿಲ್ಲ. ಕೆಲವರಿಗೆ ತಿರುಗಿ ಕರ್ರಗ ಬಂದದ್ದುಂಟು. ನೀವ ವಿಜ್ಞಾನದ ಮಾಸ್ತರಲ್ಲ, ನೋಡಕೋತ ಹೋಗ್ರಿ” ಎಂದರು.

ಆ ಕೊನೆಯ ಮಾತು ನನ್ನ ತಲೆಗೆ ಹಿಡಿಯಿತು. ಕೂದಲಿಗೆ ಬಣ್ಣ ತುಂಬುವ ಜೀವಕೋಶಗಳು ಅದರ ಬೇರಿನಲ್ಲಿರುತ್ತವೆ. ಅವು ಕೆಲಸ ನಿಲ್ಲಿಸಿದರೆ ಮುಂದೆ ಬರುವ ಕೂದಲು ಬೆಳ್ಳಗೆ ಬರುತ್ತದೆ. ಆಗಲೇ ಹೊರಗೆ ಬಂದ ಭಾಗ ಇದ್ದ ಹಾಗೇ ಇರುತ್ತದೆ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಹಾಗಾದರೆ ಬಿಳಿ ಭಾಗ ಅಳೆದರೆ ಅದು ಯಾವ ತಿಂಗಳು ಶುರುವಾಯಿತೆಂದು ಹೇಳಬಹುದು. ಪ್ರತಿ ರವಿವಾರ ಏಳು ಗಂಟೆಗೆ ತಂಗಿಯ ಎಡಗಿವಿಯ ಹಿಂದಿನಿಂದ ಒಂದು ಬಿಳಿಗೂದಲು ತೆಗೆದು, ಗ್ರಾಫ್ ಹಾಳೆಗೆ ಅಂಟಿಸಿ, ಫೂಟುಪಟ್ಟಿಯಿಂದ ಅಳೆದು ಬರೆಯುವುದು ನನ್ನ ಪದ್ಧತಿಯಾಯಿತು. ಕೀಳಲು ಅವ್ವ ಬಿಡಲಿಲ್ಲ. ಬಿಳಿಗೂದಲು ಕಿತ್ತರೆ ಬಾಜು ಇದ್ದವೂ ಬೆಳ್ಳಗಾಗುತ್ತವೆ ಎಂಬುದು ಅವಳ ನಂಬಿಕೆ. ಅದಕ್ಕೆ ನಾನು ಕತ್ತರಿಯಿಂದ ಚರ್ಮಕ್ಕೆ ತಾಗಿಸಿ ಕತ್ತರಿಸುತ್ತಿದ್ದೆ. ಬೇರನ್ನು ಒಮ್ಮೆಯೂ ನೋಡಲಿಲ್ಲ.

ಮೊದಲ ಹಾಳೆಯಲ್ಲೇ ಬಿಳಿ ಭಾಗ ಐದು ಇಂಚು ಬಂತು. ಅಂದರೆ ಹತ್ತು ತಿಂಗಳು. ಮದುವೆಯ ಹೊತ್ತಿಗೆ ಕೂದಲು ಕಪ್ಪಗೇ ಇತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಹಾಳೆಯನ್ನು ಕೂದಲಿನ ಸಮೇತ ಲಕೋಟೆಯಲ್ಲಿ ಹಾಕಿ, ವಿವರ ಬರೆದು ಮೊರಬಕ್ಕೆ ಕಳಿಸಿದೆ. ತಂಗಿಯನ್ನು ಕೇಳಲಿಲ್ಲ. ಎರಡು ತಿಂಗಳು ಉತ್ತರವಿರಲಿಲ್ಲ.

ಆ ರವಿವಾರ ಅವಳ ಗಂಡನ ಸೋದರಮಾವ ಅದೇ ಹಾಳೆಯನ್ನು ಜೇಬಿನಿಂದ ತೆಗೆದು ಜಮಖಾನೆಯ ಮೇಲೆ ಬಿಡಿಸಿದ.

“ಅಕ್ಷರ ನಿಮ್ಮವ ಹೌದಲ್ರಿ, ಮಾಸ್ತರ?”

“ಹೌದ್ರಿ.”

“ಹಂಗಾರ ನೀವ ಹೇಳ್ರಿ. ತುದಿ ಕರ್ರಗ, ಬುಡಾ ಬೆಳ್ಳಗ. ಬಣ್ಣಾ ಹಚ್ಚಿದ ಕೂದಲಾ ಬ್ಯಾರೆ ಹೆಂಗಿರತೈತಿ?”

ನಿಜವಾಗಿಯೂ ಹಾಗೇ ಇರುತ್ತದೆ. ಅದು ನನಗೆ ಹೊಳೆದೇ ಇರಲಿಲ್ಲ.

“ಮದವಿಗೆ ಮೊದಲ ಹಚ್ಚಿದ್ರ ಬಿಳಿ ಒಂದೂವರಿ ಫೂಟ ಇರಬೇಕಾಗಿತ್ತರಿ” ಎಂದೆ.

“ನಮ್ಮ ಮನ್ಯಾಗ ಬಂದ ಮ್ಯಾಲೂ ಕದ್ದ ಹಚ್ಚಿಕೊಂಡಾಳ. ಹತ್ತ ತಿಂಗಳ ಹಿಂದ ಬಾಟ್ಲಿ ತೀರೇತಿ. ಅದನ್ನ ನೀವ ಅಳತಿ ಮಾಡಿ ಬರಕೊಟ್ಟೀರಿ. ಭಾಳ ಉಪಕಾರ ಆತು!” ಎಂದು ನಕ್ಕ. ಇನ್ನೊಂದು ಜೇಬಿನಿಂದ ಸೋಡಚೀಟಿ ತೆಗೆದ. ಗಂಡ ಹೆಂಡಿರ ಸಂಬಂಧ ಮುಗಿಯಿತೆಂಬ ಕಾಗದ. ಅದರಲ್ಲಿ ಒಂದು ಸಾಲು: ವಯಸ್ಸು ಮರೆಮಾಚಿ, ಕೂದಲಿಗೆ ಬಣ್ಣ ಹಚ್ಚಿ ಮೋಸ ಮಾಡಿದ್ದನ್ನು ನಾನು ಒಪ್ಪುತ್ತೇನೆ. ಆ ಸಾಲಿನ ಕೆಳಗೆ ತಂಗಿ ಸಹಿ ಮಾಡಬೇಕು.

“ನಾ ಮೋಸಾ ಮಾಡಿಲ್ಲ. ಸಹಿ ಮಾಡಂಗಿಲ್ಲ” ಎಂದಳು.

ಮಾವ ಅವಳ ಕೈ ಹಿಡಿದು ಪೆನ್ನು ತುರುಕಿದ. ಅವ್ವ ನಡುವೆ ಬಂದಳು. ಅವನು ಅವ್ವನನ್ನು ದಬ್ಬಿದ. ಅವ್ವನ ಹಣೆ ಕಂಬಕ್ಕೆ ಬಡಿಯಿತು. ತಂಗಿ ಎದ್ದು ಅವನ ಕೆನ್ನೆಗೆ ಹೊಡೆದಳು. ಆ ಸದ್ದು ಓಣಿಯವರೆಗೂ ಕೇಳಿರಬೇಕು.

ಅಲ್ಲಿಯವರೆಗೆ ಬಾಯಿ ಬಿಡದೆ ಕುಳಿತಿದ್ದ ಗಂಡ ಆಗ ಎದ್ದ. “ನಮ್ಮ ಮಾವಗ ಕೈ ಮಾಡ್ತಿಯೇನ ಬೇ!” ಎಂದು ಅವಳ ಹೆರಳನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು ಹೊಸ್ತಿಲ ಕಡೆಗೆ ಎಳೆದ. ಅವಳು ಕಂಬವನ್ನು ತಬ್ಬಿ ಹಿಡಿದಳು. ಅವನು ಕಾಲು ಊರಿ ಜಗ್ಗಿದ. ಹಳೆಯ ಬಟ್ಟೆ ಹರಿದಂಥ ಸದ್ದಾಯಿತು. ಒಂದು ಹಿಡಿ ಕೂದಲು ಬೇರುಸಹಿತ ಅವನ ಮುಷ್ಟಿಯಲ್ಲಿ ಉಳಿಯಿತು. ತಂಗಿಯ ಕಿವಿಯ ಹಿಂದಿನಿಂದ ರಕ್ತ ಕುತ್ತಿಗೆಗೆ ಇಳಿಯಿತು.

ನಾನು ಹಿತ್ತಾಳೆಯ ತಂಬಿಗೆ ಎತ್ತಿಕೊಂಡು ಅವನ ಹುಬ್ಬಿನ ಮೇಲೆ ಹೊಡೆದೆ. ಅವನು ಬಿದ್ದ. ಇನ್ನೊಮ್ಮೆ ಹೊಡೆದೆ. ಬಿದ್ದವನಿಗೆ ಹೊಡೆದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮೂರನೆಯ ಬಾರಿ ಎತ್ತುವಷ್ಟರಲ್ಲಿ ಮಾವ ಟ್ರ್ಯಾಕ್ಟರಿನಿಂದ ಕಬ್ಬಿಣದ ಸಲಾಕೆ ತಂದಿದ್ದ. ತಲೆಗೆಂದು ಬೀಸಿದ್ದನ್ನು ನಾನು ಬಲಗೈ ಅಡ್ಡ ಕೊಟ್ಟು ತಡೆದೆ. ಮಣಿಕಟ್ಟಿನ ಎಲುಬು ಮುರಿಯಿತು. ತಂಬಿಗೆ ಕೈಯಿಂದ ಜಾರಿ ಉರುಳಿತು. ಅವನು ಸಲಾಕೆಯನ್ನು ಮತ್ತೆ ಎತ್ತಿದ.

“ನಿಂದರೋ ತಮ್ಮಾ!”

ತಂಗಿಯ ಅತ್ತೆಯ ದನಿ. ಆಕೆ ಮಗನ ಹಣೆಗೆ ಸೆರಗು ಒತ್ತಿ, ಅವನ ಮುಷ್ಟಿ ಬಿಡಿಸಿ, ರಕ್ತಕ್ಕೆ ಅಂಟಿದ ಕೂದಲನ್ನು ತೆಗೆಯುತ್ತಿದ್ದಳು. ಒಂದೆಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

“ಇದರ ಬುಡಾ ಕರ್ರಗೈತೆಲ್ಲೋ.”

“ಬಣ್ಣಾ ಅಕ್ಕಾ, ಅದು ಬಣ್ಣಾ.”

“ತೊಗಲ ಇನ್ನೂ ಅಂಟೇತಿ ನೋಡು. ತೊಗಲಿನ ಒಳಗ ಬಣ್ಣಾ ಹೆಂಗ ಹಚ್ಚತಾರ? ಸೂಜೀಲೆ ಚುಚ್ಚತಾರೇನು?”

ಸಲಾಕೆ ಹಾಗೇ ನಿಂತಿತು. ಭೂತಗನ್ನಡಿ ಟ್ರಂಕಿನ ಎಡಮೂಲೆಯಲ್ಲಿದೆ ಎಂದು ನಾನು ಹೇಳಿದೆ. ಅವ್ವ ಒಂದು ಕೈಯಿಂದ ಹಣೆ ಒತ್ತಿಕೊಂಡು ಅದನ್ನು ತಂದಳು. ಅತ್ತೆ ಒಂದೊಂದೇ ಎಳೆ ನೋಡಿದಳು. ತುದಿ ಕಪ್ಪು, ನಡುವೆ ಬಿಳಿ, ಬುಡದಲ್ಲಿ ಅಕ್ಕಿಕಾಳಿನಷ್ಟು ಕಪ್ಪು. ಎಲ್ಲ ಎಳೆಗಳೂ ಹಾಗಿರಲಿಲ್ಲ, ಕೆಲವು ಬೇರಿನವರೆಗೂ ಬೆಳ್ಳಗಿದ್ದವು. ಆದರೆ ಬುಡ ಕಪ್ಪಗಿದ್ದವು ಸ್ಪಷ್ಟವಾಗಿ ಕಾಣುತ್ತಿದ್ದವು. ಇಂಜೆಕ್ಷನ್ ಕೆಲಸ ಮಾಡಿತ್ತು. ಬೇರು ಮತ್ತೆ ಬಣ್ಣ ತುಂಬತೊಡಗಿತ್ತು, ಆ ಕಪ್ಪು ಇನ್ನೂ ಚರ್ಮದ ಹೊರಗೆ ಬಂದಿರಲಿಲ್ಲ. ನನ್ನ ಕತ್ತರಿ ಅಲ್ಲಿಗೆ ಮುಟ್ಟುವಂತೆಯೇ ಇರಲಿಲ್ಲ.

“ರೋಗಾ ಇತ್ತವ್ವಾ ಅಕಿಗೆ” ಎಂದು ಅತ್ತೆ ತನಗೇ ಹೇಳಿಕೊಂಡಳು. ಆಮೇಲೆ ತಮ್ಮನ ಕಡೆ ತಿರುಗಿದಳು. “ನಿನ್ನ ಮಗಳನ್ನ ನಮ್ಮನಿಗೆ ಕೊಡೂದಿತ್ತು ನಿನಗ. ಹೌದಿಲ್ಲೋ? ಅದಕ್ಕ ಈ ಸುಳ್ಳ ಹುಟ್ಟಿಸಿದಿ.”

ಅವನು ಸಲಾಕೆ ಕೆಳಗಿಟ್ಟ. ಗಂಡ ಗೋಡೆ ಹಿಡಿದು ಎದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು.

“ಆತು ಬಿಡು. ಅರಿವಿ ತುಂಬಿಕೋ. ಹೋಗೂಣು ನಡಿ” ಎಂದ.

ದೀಪಾವಳಿಯಿಂದ ತಂಗಿ ಕಾದದ್ದು ಇದೇ ಮಾತಿಗೆ. ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಈಗ ಕಂಬಕ್ಕೆ ಒರಗಿ, ಸೆರಗನ್ನು ಗಾಯಕ್ಕೆ ಒತ್ತಿ ಹಿಡಿದು, ಅವನನ್ನು ನೋಡಿದಳು.

“ಕೂದಲಾ ಕರ್ರಗಾತಂತ ಕರೀತೀರಿ. ನಾಳೆ ಮತ್ತ ಬೆಳ್ಳಗಾದ್ರ?”

ಅವನು ತಾಯಿಯ ಮುಖ ನೋಡಿದ.

“ಆ ಕಾಗದಾ ತರ್ರಿ ಇಲ್ಲೆ. ಮೋಸಾ ಅಂತ ಬರದೀರಲ್ಲ, ಆ ಸಾಲ ಹೊಡದ ಹಾಕ್ರಿ. ನಿಮ್ಮ ಕೈಲೇ ಹೊಡ್ರಿ, ಮಾವಾರ.”

“ವಿಚಾರ ಮಾಡ, ತಂಗೀ” ಎಂದು ಅತ್ತೆ ಅಂಗಲಾಚಿದಳು.

“ಮಾಡೇನ್ರೀ ಅತ್ತಿ. ನೀವ ನೋಡಿ ಹೇಳಿದ್ರಲ್ಲ, ಅಷ್ಟ ಸಾಕ ನನಗ.”

ಮಾವ ಆ ಸಾಲಿನ ಮೇಲೆ ಗೆರೆ ಎಳೆದ. ಸರಿಯಾಗಿ ಎಳಿ ಎಂದು ಅತ್ತೆ ಗದರಿದಳು. ಇನ್ನೊಂದು ಸಲ ಎಳೆದ. ಹೊಡೆದುಹಾಕಿದ ಆ ಸಾಲಿನ ಮೇಲೆ ತಂಗಿ ಬೆರಳಿಟ್ಟು ನೋಡಿ, ಕೆಳಗೆ ತನ್ನ ಹೆಸರನ್ನು ಪೂರ್ತಿ ಬರೆದಳು. ಅವಳ ಬೆರಳಿನ ರಕ್ತ ಕಾಗದದ ಅಂಚಿಗೆ ಹತ್ತಿತು. ಹನ್ನೊಂದಕ್ಕೆ ಟ್ರ್ಯಾಕ್ಟರ್ ಹೋಯಿತು.

ಮಧ್ಯಾಹ್ನ ಅವ್ವ ನನ್ನ ಕೈಗೆ ಫೂಟುಪಟ್ಟಿ ಇಟ್ಟು ಹಳೆಯ ಧೋತರದ ಪಟ್ಟಿಯಿಂದ ಬಿಗಿದು ಕಟ್ಟಿದಳು. ಎಲುಬು ಸೊಟ್ಟಗೆ ಕೂಡಿತು, ಈಗಲೂ ಹಾಗೇ ಇದೆ. ನನ್ನ ತಲೆ ಈಗ ಪೂರ್ತಿ ಬಿಳಿ. ಇದು ವಯಸ್ಸಿನ ಬಿಳಿ, ಆ ಕೆಂಪು ಇಂಜೆಕ್ಷನ್ ಇದಕ್ಕೆ ಏನೂ ಮಾಡದು. ತಂಗಿಯ ಕೂದಲು ಮುಕ್ಕಾಲು ಭಾಗ ಕಪ್ಪಾಯಿತು. ಕಿತ್ತುಹೋದ ಜಾಗದಲ್ಲಿ ಮಾತ್ರ ಏನೂ ಬೆಳೆಯಲಿಲ್ಲ.

ಅಂದು ನಾಲ್ಕು ಗಂಟೆಗೆ ನೆಲದ ಮೇಲಿನ ಒಂದೆಳೆಯನ್ನು ಎಡಗೈಯಿಂದ ಹೆಕ್ಕಿ ಗ್ರಾಫ್ ಹಾಳೆ ಹುಡುಕಿದೆ. ತಂಗಿ ಅದನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡಳು.

“ಇನ್ನ ಸಾಕ ಅಣ್ಣಾ. ಅಳೀಬ್ಯಾಡ.”

ಐದಕ್ಕೆ ಇಂಜೆಕ್ಷನ್ ಸಮಯ. ಕಂಪೌಂಡರನಿಂದ ಕಲಿತು ನಾನೇ ಕೊಡುತ್ತಿದ್ದೆ. ಎಡಗೈಯಲ್ಲಿ ಹಿಡಿದ ಸೂಜಿ ಶೀಶೆಯ ಬಾಯಿಗೆ ಎರಡು ಸಲ ತಪ್ಪಿತು. “ತಾ ಇಲ್ಲೆ” ಎಂದು ಅವಳು ಸಿರಿಂಜು ತೆಗೆದುಕೊಂಡಳು. ಎಲ್ಲಿ, ಎಷ್ಟು ಆಳ ಎಂದು ನಾನು ಹೇಳಿದೆ. ಅವಳು ತೊಡೆಗೆ ತಾನೇ ಚುಚ್ಚಿಕೊಂಡಳು. ಮುಖ ಕಿವುಚಲಿಲ್ಲ. ನಾನು ಸಿರಿಂಜು ತೊಳೆದು, ಸ್ಟವ್ ಮೇಲೆ ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಡಬ್ಬಿಯಲ್ಲಿಟ್ಟು ಮುಚ್ಚಿದೆ.