ಹಲ್ಲಿನ ಮೇಷ್ಟ್ರು ನೋಡಿದ ಎರಡು ಫೋನುಗಳು

ಹಲ್ಲಿನ ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ, ಹಲ್ಲಿನ ಡಾಕ್ಟರೂ ಅಲ್ಲ. ಡಾಕ್ಟರು ಹಲ್ಲು ಕೀಳುತ್ತಾರೆ, ಇವರು ಹಲ್ಲು ಮಾಡುತ್ತಾರೆ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳ ಲ್ಯಾಬಿನಲ್ಲಿ, ಉತ್ತರದ ಕಿಟಕಿಗೆ ಮುಖ ಮಾಡಿದ ಬೆಂಚಿನ ಮುಂದೆ ಕೂತು, ಮೂವತ್ತೊಂದು ವರ್ಷದಿಂದ ಊರವರ ಬಾಯಿಗೆ ಪಿಂಗಾಣಿ ಹಲ್ಲು ಒದಗಿಸುತ್ತ ಬಂದಿದ್ದಾರೆ. ಈ ಕೆಲಸ ಬಲ್ಲವರಲ್ಲಿ ಅರ್ಧ ಮಂದಿ ಅವರ ಕೈಕೆಳಗೆ ಕಲಿತವರು. ಹಾಗಾಗಿ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತು.

ಲ್ಯಾಬಿನಲ್ಲಿ ಮೇಣದಲ್ಲಿ ಆಕಾರ ತೆಗೆಯುವವರು ಬೇರೆ, ಲೋಹ ಎರೆಯುವವರು ಬೇರೆ, ಕೊನೆಗೆ ಉಜ್ಜಿ ಹೊಳಪು ಕೊಡುವ ಪಾಲಿಶ್ ಅಕ್ಕ ಬೇರೆ. ಬಣ್ಣ ಮಾತ್ರ ಮೇಷ್ಟ್ರದ್ದೇ. ಹಲ್ಲು ಬಿಳಿ ಎಂದು ನಾವು ನೀವು ಅಂದುಕೊಂಡಿದ್ದೇವಲ್ಲ, ಅದು ನಮ್ಮ ಅಜ್ಞಾನ. ಹಲ್ಲಿನ ಬಿಳುಪಿನಲ್ಲಿ ಹದಿನಾರು ಬಗೆಯಿದೆ. ಕಡ್ಡಿಯ ತುದಿಗೆ ಒಂದೊಂದು ಮಾದರಿ ಹಲ್ಲು ಅಂಟಿಸಿ ಸಾಲಾಗಿ ಜೋಡಿಸಿದ ಶೇಡ್ ಗೈಡ್ ಎಂಬ ಪಟ್ಟಿಯಲ್ಲಿ ಅವಕ್ಕೆ ಎ-ಒಂದು, ಎ-ಎರಡು, ಬಿ-ಮೂರು ಎಂದೆಲ್ಲ ನಂಬರು. ಮೇಷ್ಟ್ರಿಗೆ ಆ ಪಟ್ಟಿ ಕಂಠಪಾಠ. ಎದುರಿಗಿದ್ದವರು ನಕ್ಕರೆ ಸಾಕು, ಮನಸ್ಸಿನಲ್ಲೇ ನಂಬರು ಹಾಕಿಬಿಡುತ್ತಾರೆ. ಬಸ್ ಕಂಡಕ್ಟರು ಎ-ಮೂರೂವರೆ, ಬ್ಯಾಂಕಿನ ಕ್ಯಾಷಿಯರು ಸಿ-ಎರಡು. ಮನೆಗೆ ಬಂದ ನೆಂಟರು ನಗುವುದಕ್ಕೂ ಹಿಂಜರಿಯುತ್ತಿದ್ದರು, ಪಾಪ.

ಅವರ ಹೆಂಡತಿಯ ಬಾಯಲ್ಲೂ ಅವರದೊಂದು ಹಲ್ಲಿದೆ. ಮದುವೆಯಾದ ಮೊದಲ ವರ್ಷ ಬಚ್ಚಲಲ್ಲಿ ಜಾರಿ ಆಕೆಯ ಮುಂದಿನ ಹಲ್ಲು ಮುರಿದಿತ್ತು. ಆಗಷ್ಟೇ ಕೆಲಸ ಕಲಿತಿದ್ದ ಮೇಷ್ಟ್ರು ಮೂರು ದಿನ ಕೂತು, ನಾಲ್ಕು ಸಲ ಕುಲುಮೆಯಲ್ಲಿ ಸುಟ್ಟು, ಒಂದು ಹಲ್ಲು ಮಾಡಿದರು. ಎ-ಎರಡು. ಯಾವುದು ಹುಟ್ಟಿದ್ದು, ಯಾವುದು ಕಟ್ಟಿದ್ದು ಎಂದು ಆಕೆಯ ತಾಯಿಗೂ ಗೊತ್ತಾಗಲಿಲ್ಲ.

ಅಂಥ ಮೇಷ್ಟ್ರಿಗೆ ಐವತ್ತೆಂಟನೆಯ ವಯಸ್ಸಿನಲ್ಲಿ ಕೆಲಸ ಕೈಕೊಡತೊಡಗಿತು. ಮೊದಲ ತಿಂಗಳು ಊರಿನ ಹಲ್ಲಿನ ಡಾಕ್ಟರಮ್ಮ ಒಬ್ಬರಿಂದ ಒಂದು ಹಲ್ಲು ವಾಪಸು ಬಂತು. ಎರಡನೆಯ ತಿಂಗಳು ಎರಡು. ಮೂರನೆಯ ತಿಂಗಳು ಮೂರು ಒಟ್ಟಿಗೆ ಬಂದವು, ಜೊತೆಗೆ ಡಾಕ್ಟರಮ್ಮನ ಕೈಬರಹದ ಚೀಟಿ: "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಬಣ್ಣ ತುಸು ಹಳದಿಗೆ ಹೋಗಿದೆ."

ಈ ಡಾಕ್ಟರಮ್ಮ ಮೇಷ್ಟ್ರ ಕಣ್ಣನ್ನು ನಂಬಿದ ಹಾಗೆ ತಮ್ಮ ಕಣ್ಣನ್ನೂ ನಂಬಿದವರಲ್ಲ. ಬೇರೆ ಡಾಕ್ಟರುಗಳು ಬಣ್ಣದ ನಂಬರು ಬರೆದು ಕಳಿಸಿದರೆ, ಇವರು ರೋಗಿಯ ಬಾಯಿಯ ಫೋಟೊ ತೆಗೆದು ಮೇಷ್ಟ್ರ ಫೋನಿಗೆ ಹಾಕಿ "ನೀವೇ ನೋಡ್ಕೊಳ್ಳಿ" ಎಂದು ಬರೆಯುವರು. ಮೇಷ್ಟ್ರು ಫೋನನ್ನು ಕಿಟಕಿಯ ಬಳಿ ನಿಲ್ಲಿಸಿ, ಮಾದರಿ ಹಲ್ಲುಗಳನ್ನು ಒಂದೊಂದಾಗಿ ಸ್ಕ್ರೀನಿನ ಪಕ್ಕ ಹಿಡಿದು, ಯಾವುದು ಹೊಂದುತ್ತದೋ ಆ ನಂಬರು ಗುರುತು ಮಾಡುವರು. ಎರಡು ವರ್ಷ ಹೀಗೇ ನಡೆದಿತ್ತು, ಒಂದೂ ತಪ್ಪಿರಲಿಲ್ಲ.

ಆ ಚೀಟಿಯನ್ನು ಮೇಷ್ಟ್ರು ಎರಡು ಸಲ ಓದಿದರು. ಅವರಿಗೆ ನೆನಪಾದದ್ದು ತಮ್ಮ ಗುರುಗಳು.

ಗುರುಗಳು ಇದೇ ಕಿಟಕಿಯ ಮುಂದೆ ಕೂತು ಬಣ್ಣ ಹಾಕುತ್ತಿದ್ದವರು. "ಒಂದನ್ನೇ ನೋಡಿ ಬಣ್ಣ ಹೇಳ್ಬೇಡ ಕಣೋ. ಪಕ್ಕದಲ್ಲಿ ಇನ್ನೊಂದಿಟ್ಟು ನೋಡು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅರವತ್ತರ ಹೊತ್ತಿಗೆ ಅವರ ಕಣ್ಣು ಮಂಜಾಯಿತು. ಯಾರೂ ಅವರಿಗೆ ಏನೂ ಹೇಳಲಿಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ಅವರ ಸ್ಟೂಲು ಒಳಕೋಣೆಯಲ್ಲಿ, ಪಾಲಿಶ್ ಯಂತ್ರದ ಪಕ್ಕದಲ್ಲಿತ್ತು. ಗುರುಗಳು ಆ ಸ್ಟೂಲನ್ನೊಮ್ಮೆ ನೋಡಿದರು, ಕೋಟು ತೆಗೆದು ಮೊಳೆಗೆ ನೇತುಹಾಕಿದರು, ಹೋಗಿ ಕೂತರು. ಅದನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿ ಇಟ್ಟವರು ಬೇರೆ ಯಾರೂ ಅಲ್ಲ, ಆಗಿನ ಯಜಮಾನರು ಹೇಳಿದರೆಂದು ನಮ್ಮ ಮೇಷ್ಟ್ರೇ. ಆ ಸ್ಟೂಲಿನ ಭಾರ ಅವರ ಕೈಗೆ ಇನ್ನೂ ನೆನಪಿದೆ.

ಈಗ ಮೇಷ್ಟ್ರು ಬಾಯಿಗೆ ಬೀಗ ಹಾಕಿಕೊಂಡರು. ಕಣ್ಣಿನ ಡಾಕ್ಟರ ಬಳಿಗೂ ಹೋಗಲಿಲ್ಲ. ಹೋದರೆ ಅವರು ಏನಾದರೂ ಹೇಳಿಬಿಟ್ಟಾರಲ್ಲ! ಬದಲಿಗೆ ತಮ್ಮನ್ನು ತಾವೇ ಕದ್ದು ಪರೀಕ್ಷೆ ಮಾಡತೊಡಗಿದರು. ದಾರಿಯಲ್ಲಿ ಒಣಹಾಕಿದ ಬಟ್ಟೆ ಕಂಡರೆ ನಿಂತು, ಅಂಗಿಗೊಂದು, ಟವೆಲಿಗೊಂದು, ಬೆಡ್‌ಶೀಟಿಗೊಂದು ನಂಬರು ಕೊಡುವುದು. ಎರಡನೆಯ ಮಹಡಿಯಿಂದ ಒಬ್ಬ ಹೆಂಗಸು "ಯಾರ್ರೀ ಅದು, ಬಟ್ಟೆ ಕಡೆ ಏನ್ ನೋಡ್ತಿದೀರಾ?" ಎಂದು ಗದರಿದ ಮೇಲೆ ಅದೂ ನಿಂತಿತು. ಮನೆಯಲ್ಲಿ ಹೆಂಡತಿಯ ಬಾಯಿಯ ಕಡೆ ನೋಡುವುದನ್ನೇ ಬಿಟ್ಟರು. ನೋಡಿ ನಂಬರು ತೋಚದಿದ್ದರೆ? ಆಕೆ ನಕ್ಕರೆ ಇವರು ಗೋಡೆಯ ಕಡೆ ತಿರುಗುವರು. "ಏನಾಗಿದೆ ರೀ ನಿಮಗೆ?" ಎಂದು ಆಕೆ ಕೇಳಿದರೆ "ಕಣ್ಣು ಸ್ವಲ್ಪ ಉರಿ" ಎಂದು ಜಾರಿಕೊಳ್ಳುವರು. ಈ ಉರಿಯ ನೆವ ಹೊಸದೇನಲ್ಲ. ಬಣ್ಣದ ಕೆಲಸ ಜಾಸ್ತಿಯಾದ ದಿನವೆಲ್ಲ ಹೇಳುತ್ತ ಬಂದದ್ದೇ.

ಹೀಗಿರುವಾಗ ಒಂದು ಸೋಮವಾರ ಲ್ಯಾಬಿನ ಯಜಮಾನಿ ಒಂದು ಹೊಸ ಫೋನು ಹಿಡಿದುಕೊಂಡು ಬಂದರು. ಹಳೆಯ ಯಜಮಾನರ ಮಗಳು ಈಕೆ, ಮಾತು ಕಡಿಮೆ, ಲೆಕ್ಕಾಚಾರ ಜಾಸ್ತಿ.

"ಮೇಷ್ಟ್ರೇ, ಫೋಟೊ ನೋಡೋದಕ್ಕೆ ಅಂತಲೇ ಲ್ಯಾಬಿಗೆ ಒಂದು ಫೋನ್ ತಗೋಣ ಅಂತಿದೀನಿ. ಅಂಗಡಿಯವರು ಇದನ್ನ ಒಂದು ದಿನಕ್ಕೆ ನೋಡೋಕೆ ಕೊಟ್ಟಿದಾರೆ. ನಿಮ್ಮ ಹತ್ರಾನೂ ಇಂಥದೇ ತೆಳ್ಳಗಿನ ಫೋನಿದೆಯಲ್ಲ? ಎರಡನ್ನೂ ಪಕ್ಕಪಕ್ಕ ಇಟ್ಟು ಸ್ಕ್ರೀನ್ ಯಾವುದರದ್ದು ಚೆನ್ನಾಗಿದೆ ಹೇಳಿ. ನೀವು ಹೇಳಿದ್ದನ್ನೇ ತಗೋತೀನಿ. ಊಟದ ಹೊತ್ತಿಗೆ ನೋಡೋಣ."

ಇದು ಫೋನಿನ ಪರೀಕ್ಷೆಯಲ್ಲ, ತಮ್ಮ ಕಣ್ಣಿನ ಪರೀಕ್ಷೆ ಎಂದೇ ಮೇಷ್ಟ್ರಿಗೆ ಅನ್ನಿಸಿತು. ಮಧ್ಯಾಹ್ನದ ತನಕ ಅವರು ಒಂದೇ ಹಲ್ಲಿನ ಮೇಲೆ ಕುಂಚ ಆಡಿಸುತ್ತ ಕೂತಿದ್ದರು. ಹೊಟ್ಟೆನೋವು ಎಂದು ಮನೆಗೆ ಹೋಗಿಬಿಡಲೇ ಎಂದೂ ಯೋಚಿಸಿದರು. ಆದರೆ ನಾಳೆ ಬರಲೇಬೇಕಲ್ಲ.

ಊಟದ ಡಬ್ಬಿಗಳನ್ನು ಮುಚ್ಚಿಟ್ಟು ಎಲ್ಲರೂ ಕಿಟಕಿಯ ಬೆಂಚಿಗೆ ಬಂದರು. ಮೇಷ್ಟ್ರ ಫೋನು ಮೂರು ತಿಂಗಳ ಹಿಂದೆ ಹೆಂಡತಿ ಕೊಡಿಸಿದ್ದು. ಹಳೆಯದರ ಗಾಜು ಒಡೆದಿತ್ತು. "ಇಷ್ಟು ತೆಳ್ಳಗೆ ಮಾಡಿದಾರಲ್ಲ, ಬೆಳಿಗ್ಗೆ ಇದರಲ್ಲೇ ಶೇವ್ ಮಾಡ್ಕೋಬಹುದು" ಎಂದು ಮೇಷ್ಟ್ರು ಆಗ ಗೊಣಗಿದ್ದರು. ಅಂಗಡಿಯಿಂದ ಬಂದದ್ದು ಅದಕ್ಕಿಂತಲೂ ತೆಳು, ಅಂಚು ಬೆರಳಿಗೆ ಸಿಗುವುದೇ ಕಷ್ಟ. ಪಾಲಿಶ್ ಅಕ್ಕ ಎರಡನ್ನೂ ಎತ್ತಿ ಇಳಿಸಿ, "ಗಾಳಿ ಬಂದ್ರೆ ಹಾರ್ಕೊಂಡು ಹೋಗ್ತವೆ, ಕಿಟಕಿ ಹಾಕಿ" ಅಂದಳು. ಯಜಮಾನಿ ಎರಡರ ಬೆಳಕನ್ನೂ ಸಮ ಮಾಡಿ, ವಾಪಸು ಬಂದಿದ್ದ ಹಲ್ಲುಗಳಲ್ಲಿ ಒಂದಕ್ಕೆ ಡಾಕ್ಟರಮ್ಮ ಕಳಿಸಿದ್ದ ರೋಗಿಯ ಬಾಯಿಯ ಫೋಟೊವನ್ನು ಎರಡರಲ್ಲೂ ತೆರೆದು, ಪಕ್ಕಪಕ್ಕ ನಿಲ್ಲಿಸಿದರು.

ಮೇಷ್ಟ್ರು ಕನ್ನಡಕ ಒರೆಸಿ ಬಗ್ಗಿ ನೋಡಿದರು.

ಹೊಸ ಫೋನಿನಲ್ಲಿ ಹಲ್ಲು ತಿಳಿಯಾಗಿತ್ತು, ಎ-ಒಂದರ ಆಸುಪಾಸು. ತಮ್ಮ ಫೋನಿನಲ್ಲಿ ಅದೇ ಹಲ್ಲು, ಅದೇ ಬಾಯಿ, ಎ-ಮೂರು ಎನ್ನುವಷ್ಟು ಹಳದಿ. ಒಂದೇ ಫೋಟೊ ಎರಡು ಬಣ್ಣ ಆಗುವುದುಂಟೇ? ಇಲ್ಲ. ಹಾಗಾದರೆ ತಪ್ಪಿರುವುದು ನೋಡುವ ಕಣ್ಣೇ. ಎರಡೂ ಒಂದೇ ಥರ ಇವೆ ಎಂದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಮಾತು ಅಲ್ಲಿಗೇ ಮುಗಿಯುತ್ತದೆ. ನಾಲಿಗೆಯ ತುದಿಗೆ ಬಂದದ್ದೂ ಅದೇ ಮಾತು. ಆದರೆ ಮೂವತ್ತೊಂದು ವರ್ಷ ಕಂಡದ್ದನ್ನೇ ಹೇಳಿದ ನಾಲಿಗೆ ಇವತ್ತು ಸುಳ್ಳಿಗೆ ಒಗ್ಗಲಿಲ್ಲ.

"ನನಗೆ ಕಾಣೋದನ್ನ ಹೇಳ್ತೀನಮ್ಮ" ಎಂದರು ಮೇಷ್ಟ್ರು. "ನನ್ನ ಫೋನು ಹಳದಿ. ಎರಡು ನಂಬರಿನಷ್ಟು ಹಳದಿ. ನನ್ನ ಕಣ್ಣೇ ಹಾಳಾಗಿದ್ರೆ ಅದನ್ನೂ ಹೇಳಿಬಿಡಿ, ನಾನೇ ಸ್ಟೂಲ್ ಎತ್ಕೊಂಡು ಒಳಗೆ ಹೋಗ್ತೀನಿ."

ಸ್ಟೂಲಿನ ಕತೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಾಲಿಶ್ ಅಕ್ಕ ಇಬ್ಬರ ನಡುವೆ ತಲೆ ತೂರಿಸಿ ನೋಡಿದಳು.

"ಅಯ್ಯೋ, ಹಳದಿ ಅಂದ್ರೆ ಅಂಥಿಂಥ ಹಳದೀನಾ? ನಿಮ್ಮ ಫೋನಲ್ಲಿ ಈ ಯಮ್ಮ ಇಪ್ಪತ್ತು ವರ್ಷ ಬೀಡಿ ಸೇದಿದ ಹಾಗೆ ಕಾಣ್ತಾಳೆ! ಇದಕ್ಕೆ ಕಣ್ಣು ಯಾಕೆ ಮೇಷ್ಟ್ರೇ, ಕುರುಡರಿಗೂ ಗೊತ್ತಾಗ್ತದೆ."

"ಹೌದಲ್ಲ! ನನಗೂ ಹಾಗೇ ಕಾಣ್ತಿದೆ" ಎಂದರು ಯಜಮಾನಿ.

ಮೇಷ್ಟ್ರು ಒಮ್ಮೆ ಅಕ್ಕನ ಮುಖ ನೋಡಿದರು, ಒಮ್ಮೆ ಯಜಮಾನಿಯ ಮುಖ ನೋಡಿದರು. "ನಿಮಗೂ ಕಾಣ್ತಿದೆಯಾ? ನಿಜವಾಗ್ಲೂ?" ಎಂದು ಎರಡೆರಡು ಸಲ ಕೇಳಿದರು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು ನಗತೊಡಗಿದರು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು, ಕೋಟಿನ ತೋಳಿನಲ್ಲಿ ಒರೆಸಿಕೊಂಡರು. ಹೋದ ಜೀವ ಬಂದಂತಾಗಿತ್ತು. ಮೂರು ತಿಂಗಳಿಂದ ಸರಿಯಾಗಿ ಒಳಗೆ ಹೋಗದಿದ್ದ ಉಸಿರು ಅವತ್ತು ಪೂರ್ತಿ ಹೋಗಿ ಪೂರ್ತಿ ಹೊರಗೆ ಬಂತು.

ಯಜಮಾನಿ ಅಷ್ಟಕ್ಕೇ ಬಿಡಲಿಲ್ಲ. ಮೇಷ್ಟ್ರ ಫೋನನ್ನು ಎತ್ತಿಕೊಂಡು ಸೆಟ್ಟಿಂಗುಗಳನ್ನೆಲ್ಲ ಜಾಲಾಡಿದರು. ಒಂದು ಕಡೆ "ಕಣ್ಣಿಗೆ ಆರಾಮ" ಎಂದಿತ್ತು. ಸ್ಕ್ರೀನಿನ ಬೆಳಕಿನಲ್ಲಿ ನೀಲಿ ಕಡಿಮೆ ಮಾಡಿ ಹಳದಿ ಏರಿಸುವ ಏರ್ಪಾಡು ಅದು. ಹಗಲೂ ರಾತ್ರಿ ಚಾಲೂ ಇರುವಂತೆ ಯಾರೋ ಹಾಕಿಟ್ಟಿದ್ದರು. ಕಣ್ಣು ಅದಕ್ಕೆ ಒಂದೇ ವಾರದಲ್ಲಿ ಹೊಂದಿಕೊಂಡುಬಿಟ್ಟಿತ್ತು. ಪಕ್ಕದಲ್ಲಿ ಇನ್ನೊಂದು ಸ್ಕ್ರೀನು ಇಲ್ಲದ ಮೇಲೆ ಹಳದಿಯೆಂದು ತಿಳಿಯುವುದಾದರೂ ಹೇಗೆ? ಗುರುಗಳ ಮಾತನ್ನು ಹಲ್ಲಿಗೆಲ್ಲ ಅನ್ವಯಿಸಿದ ಮೇಷ್ಟ್ರು ಫೋನಿಗೆ ಅನ್ವಯಿಸುವುದನ್ನು ಮರೆತಿದ್ದರು. ಹಳದಿ ಫೋಟೊಗೆ ಹಳದಿ ಹಲ್ಲನ್ನು ಅಚ್ಚುಕಟ್ಟಾಗಿ ಹೊಂದಿಸಿ ಕಳಿಸಿದ್ದರು. ಕೆಲಸದಲ್ಲಿ ತಪ್ಪೇ ಇರಲಿಲ್ಲ ನೋಡಿ, ಅದೇ ತಪ್ಪಾಗಿತ್ತು.

ಏರ್ಪಾಡು ತೆಗೆದ ಮೇಲೆ ಮೇಷ್ಟ್ರು ಮತ್ತೆ ಬಗ್ಗಿದರು. ಈಗ ಅವರ ಗತ್ತೇ ಬೇರೆ. "ಹೊಸದರಲ್ಲಿ ಒಸಡು ಸ್ವಲ್ಪ ಜಾಸ್ತಿ ಕೆಂಪು. ಬಣ್ಣ ಎಬ್ಬಿಸಿ ತೋರಿಸ್ತದೆ, ಗಿರಾಕೀನ ಮೆಚ್ಚಿಸೋ ಬುದ್ಧಿ. ನಂದು ಸಪ್ಪೆ, ಆದ್ರೆ ನೆರಳು ಚೆನ್ನಾಗಿ ಬಿಡಿಸಿ ತೋರಿಸ್ತದೆ. ಹಲ್ಲಿನ ತುದೀಲಿ ಗಾಜಿನ ಹಾಗೆ ಇರ್ತದಲ್ಲ, ಅದು ನಂದರಲ್ಲೇ ಸರಿಯಾಗಿ ಕಾಣೋದು."

"ಹಾಗಾದ್ರೆ ನಿಮ್ಮಂಥದೇ ತಗೊಳ್ಳೋಣ್ವಾ?"

"ಯಾವುದಾದ್ರೂ ತಗೊಳ್ಳಿ ಅಮ್ಮ. ಎರಡೂ ಅವುಗಳ ಪಾಡಿಗೆ ಒಂದಿಷ್ಟು ಸುಳ್ಳು ಹೇಳೇ ಹೇಳ್ತವೆ. ಡಾಕ್ಟರಮ್ಮನಿಗೆ ಮಾತ್ರ ಒಂದು ಮಾತು ಹೇಳಿ, ಫೋಟೊ ತೆಗೆಯುವಾಗ ಮಾದರಿ ಹಲ್ಲೊಂದನ್ನ ರೋಗಿ ಹಲ್ಲಿನ ಪಕ್ಕಾನೇ ಹಿಡೀಲಿ. ಆಮೇಲೆ ಸ್ಕ್ರೀನು ಹಸಿರಾಗಿದ್ರೂ ನಾನು ಬಣ್ಣ ಹೇಳ್ತೀನಿ."

ಯಜಮಾನಿ ಕೂಡಲೇ ಡಾಕ್ಟರಮ್ಮನಿಗೆ ಫೋನು ಮಾಡಿದರು. ವಾಪಸು ಬಂದ ಮೂರು ಹಲ್ಲುಗಳನ್ನು ಮೇಷ್ಟ್ರು ಸಂಜೆಯೊಳಗೆ ಹೊಸದಾಗಿ ಶುರು ಮಾಡಿ, ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದರು. ಸೈಕಲ್ ಅಂಗಡಿಯವನು ತಲೆಯೆತ್ತಿ ನೋಡಿದ. ಅವರ ಶಿಳ್ಳೆ ಅವನು ಕೇಳಿದ್ದು ಅದೇ ಮೊದಲು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದರು. ಮೇಷ್ಟ್ರು ಚಪ್ಪಲಿ ಬಿಡುತ್ತಲೇ ಕೇಳಿದರು: "ನನ್ನ ಫೋನಲ್ಲಿ ಕಣ್ಣಿಗೆ ಆರಾಮ ಅಂತ ಏನೋ ಹಾಕಿತ್ತು. ಯಾರು ಹಾಕಿದ್ದು?"

"ನಾನೇ. ಸಂಜೆ ಆದ್ರೆ ಕಣ್ಣುರಿ ಅಂತಿದ್ರಲ್ಲ, ತಗೋವಾಗಲೇ ಅಂಗಡಿಯವನಿಗೆ ಹೇಳಿ ಹಾಕಿಸಿದೆ. ಯಾಕೆ, ಆರಾಮ ಆಗ್ಲಿಲ್ವಾ?"

ಮೇಷ್ಟ್ರು ಆಕೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದರು. ವಾಪಸು ಬಂದ ಹಲ್ಲುಗಳು, ಗುರುಗಳ ಸ್ಟೂಲು, ಒಣಹಾಕಿದ ಬಟ್ಟೆಗಳು, ಬೈದ ಹೆಂಗಸು, ಒಂದನ್ನೂ ಬಿಡಲಿಲ್ಲ. ಹೆಂಡತಿಯ ಕೈಯಲ್ಲಿದ್ದ ಅಂಗಿ ಅರ್ಧ ಮಡಚಿದ ಹಾಗೇ ಉಳಿಯಿತು.

"ನಾನು ಮಾಡಿದ ಕೆಲಸಕ್ಕೆ ನೀವು ಮೂರು ತಿಂಗಳು ಒದ್ದಾಡಿದ್ರಾ?"

"ನೀನು ಮಾಡಿದ್ದು ನನ್ನ ಕಣ್ಣಿಗೋಸ್ಕರ ತಾನೇ?"

"ಅದಿರಲಿ. ಒಂದು ಮಾತು ನನ್ನ ಹತ್ರ ಹೇಳಿದ್ರೆ ಏನಾಗ್ತಿತ್ತು ರೀ? ಪಕ್ಕದಲ್ಲೇ ಇದ್ನಲ್ಲ ನಾನು! ನಾನು ನಕ್ಕಾಗೆಲ್ಲ ಗೋಡೆ ನೋಡ್ತಿದ್ರಿ. ವಯಸ್ಸಾಯ್ತು, ಇವರಿಗೆ ನನ್ನ ಮುಖ ಸಾಕಾಯ್ತೇನೋ ಅಂದ್ಕೊಂಡಿದ್ದೆ."

ತಮ್ಮ ಹೆದರಿಕೆಯ ಬಿಸಿ ಇಷ್ಟು ಹತ್ತಿರದವರಿಗೆ ಹೀಗೆ ತಟ್ಟಿರಬಹುದೆಂದು ಮೇಷ್ಟ್ರು ಯೋಚಿಸಿಯೇ ಇರಲಿಲ್ಲ.

"ಎಲ್ಲಿ, ಒಂದ್ಸಲ ನಗು ನೋಡೋಣ" ಎಂದರು.

"ಹೇಳಿದ ಕೂಡಲೇ ನಗೋಕೆ ನಾನೇನು ಫೋಟೊ ಸ್ಟುಡಿಯೋಲಿ ಕೂತಿದೀನಾ?" ಎನ್ನುತ್ತಲೇ ಆಕೆಗೆ ನಗು ಬಂದುಬಿಟ್ಟಿತು.

ಮೇಷ್ಟ್ರು ಆಕೆಯ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ಹೊರಗೆ ಇನ್ನೂ ಬೆಳಕಿತ್ತು. ಅವರು ಕಟ್ಟಿದ ಹಲ್ಲು ಅಂದಿನ ಹಾಗೇ ಇತ್ತು, ಎ-ಎರಡು. ಅದರ ಪಕ್ಕದ ಹಲ್ಲು ಆಕೆಯ ಜೊತೆಗೇ ಮೂವತ್ತು ವರ್ಷ ಬಾಳಿ ಎ-ಮೂರಕ್ಕೆ ಇಳಿದಿತ್ತು. ಒಂದೇ ಒಂದು ನಂಬರಿನ ವ್ಯತ್ಯಾಸ. ಬೇರೆ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ.

"ಕಾಣ್ತಿದೆಯಾ?" ಎಂದು ಆಕೆ ಬಾಯಿ ಬಿಟ್ಟುಕೊಂಡೇ ಕೇಳಿದರು.

"ಕಾಣ್ತಿದೆ ಕಣೇ" ಎಂದರು ಮೇಷ್ಟ್ರು. "ಎಲ್ಲಾ ಕಾಣ್ತಿದೆ."