ಎಡಿಟರ್ ಮುಚ್ಚಿದರೆ ಸಾಯುವ ಕೆಲಸ

ಮೂರು ವರ್ಷಗಳ ಹಿಂದೆ ನಾನು ಜಯನಗರದ ಒಂದು ರಕ್ತಪರೀಕ್ಷಾ ಲ್ಯಾಬಿನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ರೋಗಿಗಳ ವರದಿಗಳಿರುವ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನು ಟರ್ಮಿನಲ್‌ನಲ್ಲೇ, ಅಂದರೆ ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಟೈಪ್ ಮಾಡಿ, ನಡೆಸಿದವಳು ನಾನು. ಅದರಲ್ಲಿ ಸೆಷನ್ ಎಂಬ ಅನುಕೂಲವಿದೆ. ಅದರೊಳಗೆ ಶುರು ಮಾಡಿದ ಪ್ರೋಸೆಸ್, ಅಂದರೆ ಕಂಪ್ಯೂಟರಿಗೆ ವಹಿಸಿದ ಕೆಲಸ, ಸರ್ವರ್‌ನಲ್ಲೇ ಓಡುತ್ತಿರುತ್ತದೆ, ನನ್ನ ಲ್ಯಾಪ್‌ಟಾಪ್ ಮುಚ್ಚಿದರೂ ನಿಲ್ಲುವುದಿಲ್ಲ.

ಹೊಸದಾಗಿ ಬಂದ ಮ್ಯಾನೇಜರ್ ವಿನಯ್‌ಗೆ ಆ ಕಪ್ಪು ಪರದೆ ಕಂಡರಾಗುತ್ತಿರಲಿಲ್ಲ. ಕೋಡ್ ಬರೆಯಲು ಬಳಸುವ ಎಡಿಟರ್ ಎಂಬ ತಂತ್ರಾಂಶದೊಳಗಿಂದಲೇ ಎಲ್ಲ ಪ್ರೋಸೆಸ್ ನಡೆಸಬೇಕೆಂದು ಆದೇಶ ಹೊರಡಿಸಿದರು. "ಮೇಡಂ, ಎಲ್ಲಾ ಒಂದೇ ಕಡೆ ಕಾಣುತ್ತೆ, ಸಖತ್ ಈಸಿ. ನಿಮ್ ಕಾಲದ್ ಸ್ಟೈಲ್ ಬಿಟ್ಬಿಡಿ," ಎಂದರು. ನನ್ನ ಕಾಲವಂತೆ! ಎಡಿಟರ್ ಮೇಲೆ ನನಗೇನೂ ಹಗೆಯಿರಲಿಲ್ಲ. ಹತ್ತು ನಿಮಿಷದ ಪರೀಕ್ಷೆಗೆ, ತಪ್ಪು ಹುಡುಕುವುದಕ್ಕೆ ಅದರಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಗಂಟೆಗಟ್ಟಲೆ ಓಡುವ ಕೆಲಸವನ್ನು ಮಾತ್ರ ಅಲ್ಲಿಡಬೇಡಿ, ಎಡಿಟರ್ ಮುಚ್ಚಿದರೆ ಅದೂ ನಿಲ್ಲುತ್ತದೆ ಎಂದೆ. ಅವರು ಕೇಳಲಿಲ್ಲ, ನಾನು ಸುಮ್ಮನಾದೆ. ಇವತ್ತಿಗೂ ನನಗೆ ನಾಚಿಕೆ ತರಿಸುವುದು ಆ ಸುಮ್ಮನಾದದ್ದೇ.

ಒಂದು ಬುಧವಾರ ಬೆಳಿಗ್ಗೆ ಹಳೆಯ ವರದಿಗಳನ್ನೆಲ್ಲ ಹೊಸ ಸರ್ವರ್‌ಗೆ ಸಾಗಿಸುವ ಪ್ರೋಸೆಸ್ಸನ್ನು ಎಡಿಟರ್‌ನಲ್ಲೇ ಶುರು ಮಾಡಿದೆ. ಸಾಗಣೆ ಮುಗಿಯುವವರೆಗೆ ಹಳೆಯ ವರದಿಗಳನ್ನು ಯಾರೂ ತೆರೆಯುವಂತಿರಲಿಲ್ಲ. ನಾನು ಊಟಕ್ಕೆ ಏಳುವಾಗ ಎಡಿಟರ್ ಅಪ್‌ಡೇಟ್ ಇದೆ, ರೀಸ್ಟಾರ್ಟ್ ಮಾಡಲೇ ಎಂದು ಕೇಳಿತು. ಅಭ್ಯಾಸಬಲದಿಂದ ಒತ್ತಿಬಿಟ್ಟೆ. ಎಡಿಟರ್ ಮುಚ್ಚಿಕೊಂಡಿತು, ಅದರೊಂದಿಗೆ ಪ್ರೋಸೆಸ್ಸೂ ಸತ್ತಿತು. ಅದು ತಲೆಗೆ ಹೊಳೆಯದೆ ನಾನು ಹೋಗಿ ಚಿತ್ರಾನ್ನ ತಿಂದು ಬಂದೆ.

ಎರಡು ಗಂಟೆಗೆ ಬನಶಂಕರಿ ಶಾಖೆಯ ಟೆಕ್ನಿಷಿಯನ್ ಮಂಜುಳಾ ಫೋನ್ ಮಾಡಿದಳು. "ಅಕ್ಕ, ಕೀಮೋ ಪೇಷೆಂಟ್ ಒಬ್ರು ಪಕ್ಕದ್ ಕ್ಲಿನಿಕ್‌ನಲ್ಲಿ ಕಾಯ್ತಾ ಇದಾರೆ. ಹಳೇ ಬ್ಲಡ್ ಕೌಂಟ್ ನೋಡ್ದೆ ಡಾಕ್ಟರ್ ಡೋಸ್ ಕೊಡಲ್ವಂತೆ. ನಾಲ್ಕ್ ಗಂಟೆಗೆ ಡಾಕ್ಟರ್ ಹೊರಟ್ಬಿಡ್ತಾರೆ. ಇವತ್ ತಪ್ಪಿದ್ರೆ ಮುಂದಿನ್ ವಾರಾನೇ."

ನೋಡಿದರೆ ಸಾಗಣೆ ಅರ್ಧಕ್ಕೆ ನಿಂತಿತ್ತು. ವಿನಯ್ ಬಂದು, "ಎಡಿಟರ್‌ನಲ್ಲೇ ಮತ್ತೆ ಸ್ಟಾರ್ಟ್ ಮಾಡಿ," ಎಂದರು.

"ಮಾಡಲ್ಲ."

"ಅದು ಪಾಲಿಸಿ, ಮೇಡಂ."

"ಪಾಲಿಸಿ ನೀವೇ ಇಟ್ಕೊಳ್ಳಿ. ಇನ್ನೊಂದ್ ಸಲ ಇದು ಸಾಯೋಕೆ ನಾನ್ ಬಿಡಲ್ಲ."

ಅವರೆದುರೇ ಟರ್ಮಿನಲ್ ತೆರೆದು, ಸೆಷನ್‌ನೊಳಗೆ, ನಿಂತ ಜಾಗದಿಂದಲೇ ಸಾಗಣೆಯನ್ನು ಮುಂದುವರಿಸಿದೆ. ಆಮೇಲೆ ಬೇಕೆಂದೇ ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಕೈಯಿಟ್ಟು ಅವರ ಮುಖ ನೋಡುತ್ತ ಕೂತೆ. ಮೂರೂ ಮುಕ್ಕಾಲಿಗೆ ಮಂಜುಳಾಳ ಫೋನ್ ಬಂತು. "ರಿಪೋರ್ಟ್ ಬಂತು ಅಕ್ಕ! ಡ್ರಿಪ್ ಹಾಕ್ತಿದಾರೆ."

ಮರುದಿನ ಮೆಮೊ ಬಂತು, ಆದೇಶ ಮೀರಿದ್ದಕ್ಕೆ ಕ್ಷಮಾಪಣೆ ಪತ್ರ ಕೊಡಬೇಕಂತೆ. ರೀಸ್ಟಾರ್ಟ್ ಒತ್ತಿದ್ದು ನನ್ನ ತಪ್ಪು, ಅದನ್ನು ಬರೆದುಕೊಟ್ಟೆ. ಟರ್ಮಿನಲ್ ತೆರೆದದ್ದಕ್ಕೆ ಒಂದಕ್ಷರವನ್ನೂ ಬರೆಯಲಿಲ್ಲ. ಆ ವರ್ಷ ಬಡ್ತಿ ಕೈತಪ್ಪಿತು. ಹೋದರೆ ಹೋಗಲಿ.

ಯಾವುದನ್ನು ಬಳಸಬೇಕೆಂದು ಕಿರಿಯರು ಈಗಲೂ ಕೇಳುತ್ತಾರೆ. ನೀವು ಎದ್ದು ಹೋದಾಗ ಆ ಕೆಲಸ ನಿಂತರೂ ತೊಂದರೆಯಿಲ್ಲ ಎಂದಾದರೆ ಎಡಿಟರ್ ಸಾಕು, ನಿಲ್ಲಲೇಬಾರದು ಎಂದಾದರೆ ಟರ್ಮಿನಲ್ ಸೆಷನ್ ಎನ್ನುತ್ತೇನೆ. ಮೇಲಿನವರು ಯಾರಾದರೂ ಅಡ್ಡ ಬಂದರೆ ಅವರ ಮುಂದೆ ಫೋನ್ ಇಡುತ್ತೇನೆ: "ಕಾಯ್ತಾ ಇರೋ ಪೇಷೆಂಟ್‌ಗೆ ಈ ಪಾಲಿಸಿ ನೀವೇ ಹೇಳಿ, ಸಾರ್." ಇದುವರೆಗೆ ಯಾರೂ ಫೋನ್ ಎತ್ತಿಕೊಂಡಿಲ್ಲ.