ಲಖನನ ಹಾಡು ಯಾಕೆ ಬರಲಿಲ್ಲ ಅಂದರೆ

ನಿಪ್ಪಾಣಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ಅಂಗಡಿಯಿದೆ. ಮೆಮರಿ ಕಾರ್ಡಿಗೆ ಹಾಡು ತುಂಬಿ ಕೊಡುವುದೇ ಒಂದು ಕಾಲಕ್ಕೆ ನನ್ನ ಹೊಟ್ಟೆಪಾಡು. ಕನ್ನಡ, ಮರಾಠಿ, ಹಿಂದಿ, ಭಜನೆ, ಲಾವಣಿ, ಯಾರಿಗೆ ಏನು ಬೇಕೋ ಅದು. ಯಾವ ಹಾಡು ಯಾರದ್ದು, ಅದರ ಹಕ್ಕು ಯಾರ ಕೈಯಲ್ಲಿದೆ ಎಂದು ನಾನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ಅಂಥ ನನ್ನ ಕಂಪ್ಯೂಟರಿನಲ್ಲಿ ಒಂದು ಹಾಡಿದೆ, ಅದನ್ನು ಇವತ್ತಿನವರೆಗೆ ಯಾರ ಕಾರ್ಡಿಗೂ ಹಾಕಿಲ್ಲ. ಬೋರಗಾಂವದ ಹುಡುಗರು ಬಂದು, "ಅಮಿತದಾದಾ, ಲಖನಂದು ಆ ಹಾಡು ಐತಂತಲ್ರಿ, ಹಾಕಿ ಕೊಡ್ರಿ" ಎಂದರೆ, "ಇಲ್ಲ, ಹೋಗ್ರಿ" ಎಂದು ಗದರಿ ಕಳಿಸುತ್ತೇನೆ. ನನ್ನ ಬಾಯಿ ಎಂಥದ್ದೆಂದು ಗೊತ್ತಿರುವುದರಿಂದ ಅವರು ಮತ್ತೆ ಕೇಳುವುದಿಲ್ಲ.

ಲಖನ ಬೋರಗಾಂವದವನು. ಅವನ ಅಪ್ಪ ತುಕಾರಾಮ ಪವರ್‌ಲೂಮಿನಲ್ಲಿ ಕೆಲಸಕ್ಕಿದ್ದ, ದೊಡ್ಡವನಾದ ಮೇಲೆ ಲಖನನೂ ಅದೇ ಮಗ್ಗಕ್ಕೆ ನಿಂತ. ಹುಟ್ಟಿದಾಗಿನಿಂದ ಆ ಕಟಕಟ ಸಪ್ಪಳ ಕೇಳಿ ಕೇಳಿ ಅದು ಅವನ ಮೈಯೊಳಗೇ ಹೊಕ್ಕಿತ್ತೋ ಏನೋ, ಅವನಷ್ಟು ಚಡಪಡಿಸುವ ಮನುಷ್ಯನನ್ನು ನಾನು ನೋಡಿಲ್ಲ. ಕೂತರೆ ತೊಡೆ ಅಲ್ಲಾಡುತ್ತಿತ್ತು, ನಿಂತರೆ ಹಿಮ್ಮಡಿ. ಊಟ ಸಹ ತಟ್ಟೆ ಕೈಯಲ್ಲಿ ಹಿಡಿದು ತಿರುಗಾಡುತ್ತ ಮಾಡುತ್ತಿದ್ದ. ಅಂಗಡಿಗೆ ಬಂದನೆಂದರೆ ನನ್ನ ಕೌಂಟರಿನ ಗಾಜಿನ ಮೇಲೆ ಬೆರಳಿನಿಂದ ತಾಳ ಶುರು.

"ಗಾಜ ಒಡೀತೈತಿ, ಕೈ ತಗೀಲೇ" ಎಂದು ನಾನು ಎಷ್ಟು ಸಲ ಬೈದೆನೋ. ಅವನು ಕೈ ತೆಗೆದು ಬಾಗಿಲಿನ ಮೇಲೆ ಬಡಿಯುತ್ತಿದ್ದ.

ಹಿಪ್‌ಹಾಪ್ ಅವನಿಗೆ ಸಿಕ್ಕಿದ್ದು ನಾನು ತುಂಬಿಕೊಟ್ಟ ಕಾರ್ಡಿನಿಂದಲೇ. ಹಿಂದಿ ಹಾಡುಗಳ ನಡುವೆ ಅಂಥವು ಒಂದಿಷ್ಟು ಸೇರಿಕೊಂಡಿದ್ದವು. ಮರುದಿನವೇ ಓಡಿಬಂದು ಇಂಥವು ಇನ್ನೂ ಬೇಕೆಂದ.

"ಅದೇನ ಹಾಡೇನಲೇ? ಜಗಳಾಡಿದಂಗ ಐತಿ" ಎಂದೆ.

"ಜಗಳಾನ ದಾದಾ. ತಾಳದಾಗ ಜಗಳ" ಎಂದ.

ಆಮೇಲೆ ತಾನೇ ಬರೆಯಲು ಹತ್ತಿದ. ಅರ್ಧ ಕನ್ನಡ, ಅರ್ಧ ಮರಾಠಿ, ನಮ್ಮ ಮನೆಗಳಲ್ಲಿ ಮಾತಾಡುವ ಹಾಗೆಯೇ. ಮಗ್ಗದ ಸಪ್ಪಳವನ್ನು ಫೋನಿನಲ್ಲಿ ಹಿಡಿದು ಅದನ್ನೇ ಬಾರಿಸುವ ವಾದ್ಯ ಮಾಡಿಕೊಂಡ. "ಮಗ್ಗ ನಿಂತ್ರ ಒಲಿ ನಿಂತೀತು, ಒಲಿ ನಿಂತ್ರ ಮನಿ, ನಿಲ್ಲಂದ್ರ ನಾ ನಿಲ್ಲಾಂವಲ್ಲ, ಕೇಳ ನನ್ನ ಧಣಿ" ಎಂದು ಆ ಹಾಡು ಶುರುವಾಗುತ್ತದೆ. ನನಗೆ ಇಂಥವೆಲ್ಲ ಸೇರುವುದಿಲ್ಲ, ಆದರೂ ಸುಳ್ಳು ಯಾಕೆ ಹೇಳಲಿ, ಕೇಳಿದ ದಿನ ನನ್ನ ಕಾಲೂ ಅಲ್ಲಾಡಿತು.

ಅದಕ್ಕೆ ಕಾರಣ ಬರೀ ಅವನ ಮಾತಲ್ಲ. ಹಾಡಿನ ನಡುನಡುವೆ ಒಂದು ಬ್ಯಾಂಜೋ ಬರುತ್ತದೆ. ಲಖನನ ಅಕ್ಕ ಸಾರಿಕಾಳ ಮದುವೆಯ ಮೆರವಣಿಗೆಗೆ ಗಂಗಾರಾಮನ ಬ್ಯಾಂಜೋ ಪಾರ್ಟಿ ಬಂದಿತ್ತು. ಗಂಗಾರಾಮ ನಮ್ಮ ಭಾಗದಲ್ಲಿ ಹೆಸರುವಾಸಿ. ಚಿಕ್ಕೋಡಿಯಿಂದ ಅಥಣಿ, ಕಾಗವಾಡದವರೆಗೆ ಅವನು ಬಾರಿಸದ ಮದುವೆಯಿಲ್ಲ. ಅವನದೊಂದು ಧಾಟಿಯಿದೆ, ಮೇಲೆ ಹತ್ತಿ ಹತ್ತಿ ಕೊನೆಗೆ ಒಂದು ಉದ್ದನೆಯ ಎಳೆತ. ಅದು ಬಂತೆಂದರೆ ಮುದುಕರೂ ಕುಣಿಯಲು ಇಳಿಯುತ್ತಿದ್ದರು. ಅವತ್ತು ಲಖನ ಅದನ್ನು ಫೋನಿನಲ್ಲಿ ಹಿಡಿದುಕೊಂಡಿದ್ದ.

ಹಾಡು ಹೇಗೋ ಪುಣೆಯ ಒಂದು ಕಂಪನಿಗೆ ಮುಟ್ಟಿತು. ಅಲ್ಲಿಂದ ನೀಲಮ ಎನ್ನುವ ಮೇಡಮ್ ಫೋನ್ ಮಾಡಿ, ಹಾಡು ಹಿಡಿಸಿದೆ, ನಾವೇ ಹೊರಗೆ ತರುತ್ತೇವೆ ಎಂದರು. ಲಖನ ಮಗ್ಗ ಬಿಟ್ಟು ಓಡಿಬಂದು ನನ್ನ ಅಂಗಡಿಯಲ್ಲಿ ಅತ್ತ. ಮೂವತ್ತರ ಹತ್ತಿರ ಬಂದ ಗಂಡಸು, ಗಿರಾಕಿಗಳ ಮುಂದೆ. ಅವನ ಜೀವನದಲ್ಲಿ ಮಗ್ಗ ಬಿಟ್ಟು ಬೇರೆ ದಾರಿ ಕಂಡಿದ್ದು ಅದೊಂದೇ.

ಮೇಡಮ್ ಕೇಳಿದ್ದು ಒಂದೇ ಮಾತು, ಈ ಬ್ಯಾಂಜೋ ಧಾಟಿ ಯಾರದ್ದು? ಅದನ್ನು ಕಟ್ಟಿದವರ ಒಪ್ಪಿಗೆ ಬರಹದಲ್ಲಿ ಬೇಕು. ಇಲ್ಲದಿದ್ದರೆ ನಾಳೆ ಯಾರೋ ಬಂದು ನಮ್ಮದೆಂದು ಕೇಸು ಹಾಕುತ್ತಾರೆ.

ಇದೇನು ದೊಡ್ಡ ಮಾತು ಎಂದು ನಾವಿಬ್ಬರೂ ಗಂಗಾರಾಮನ ಮನೆಗೆ ಹೋದೆವು. ಅವನು ಬ್ಯಾಂಜೋದ ತಂತಿ ಬಿಗಿಯುತ್ತ ಕೂತಿದ್ದ. ಎಲ್ಲ ಕೇಳಿಸಿಕೊಂಡು, "ಅದ ನಂದಲ್ಲೋ" ಎಂದ.

"ಮತ್ಯಾರದು ಕಾಕಾ? ನೀವ ಬಾರಸ್ತೀರಿ" ಎಂದ ಲಖನ.

"ಕೈ ನಂದು. ಧಾಟಿ ನಂದಲ್ಲ. ಮಹಾಪೂರ ಬಂದ ವರ್ಷ ದಿಗ್ಗೇವಾಡಿಯೊಳಗ ನಮ್ಮ ತಂಗಿ ಮನಿಗೂ ನೀರ ಹೊಕ್ಕಿತ್ತು. ಗಂಜಿ ಕೇಂದ್ರದಾಗ ಅವರ ಕೂಡ ಇದ್ನಿ. ಅಲ್ಲಿ ಒಬ್ಬಾಕಿ ಹೆಣ್ಣಮಗಳು ಕಿಟಕಿ ಹಿಡಕೊಂಡು ಒಂದ ಸವನ ಹಾಡಿ ಅಳಾಕತ್ತಿದ್ಲು. ಮಗ ನೀರಪಾಲಾಗಿದ್ದ. ಅದು ಕಿವಿಯಾಗ ಕುಂತ ಬಿಡ್ತು. ಒಮ್ಮಿ ಬಾರಸಾಕ ಕುಂತಾಗ ಬೆರಳು ತಾವ ಅದನ್ನ ಹಿಡದ್ವು."

ನನಗೆ ಮೈಯೆಲ್ಲ ಉರಿಯಿತು. ಊರೂರು ಅದಕ್ಕೆ ಕುಣಿದಿದೆಯಲ್ಲ ಎಂದು ಒಂದು ಕಡೆ, ಈಗ ಇದನ್ನೆಲ್ಲ ಯಾಕೆ ತೆಗೆಯುತ್ತೀಯೋ ಪುಣ್ಯಾತ್ಮಾ ಎಂದು ಇನ್ನೊಂದು ಕಡೆ. "ಕಾಕಾ, ಸುಮ್ನ ನಂದ ಅಂತ ಸಹಿ ಮಾಡ್ರಿ. ಯಾರಿಗ ಗೊತ್ತಾಗತೈತಿ?" ಎಂದೆ.

"ನನಗ ಗೊತ್ತೈತೆಲ್ಲೋ" ಎಂದ. ಮತ್ತೆ ತಂತಿ ಬಿಗಿಯಲು ಹತ್ತಿದ.

ಆ ಹೆಂಗಸಿನ ಹೆಸರು ಗೌರಾಬಾಯಿ. ಗಂಗಾರಾಮನ ತಂಗಿಯಿಂದ ಕೇಳಿ ತಿಳಿದುಕೊಂಡು, ಗಂಗಾರಾಮನನ್ನೂ ಬೈಕಿನ ಮೇಲೆ ಕೂಡಿಸಿಕೊಂಡು ಚಿಕ್ಕೋಡಿ ದಾಟಿ ದಿಗ್ಗೇವಾಡಿಗೆ ಹೋದೆವು. ಅವಳ ಮೈದುನನ ಸಂಸಾರ, ಮಕ್ಕಳು, ಎಮ್ಮೆಗಳು, ತುಂಬಿದ ಮನೆ. ಗೌರಾಬಾಯಿ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದಳು. ಲಖನ ಫೋನಿನಲ್ಲಿ ಹಾಡು ಹಚ್ಚಿದ. ಅವನ ಮಾತಿನ ಭಾಗಕ್ಕೆ ಅವಳ ಕೈ ನಿಲ್ಲಲಿಲ್ಲ. ಬ್ಯಾಂಜೋ ಬಂದಾಗ ನಿಂತಿತು.

ಗಂಗಾರಾಮ ಕೈಮುಗಿದ. "ನೀವು ಅಳಾಕತ್ತಿದ್ರಿ ತಾಯಿ. ಅದನ್ನ ನಾ ಮದವ್ಯಾಗ ಬಾರಿಸಿಬಿಟ್ನಿ."

"ನಾ ಯಾವಾಗ ಅತ್ನಿ?" ಎಂದಳು ಗೌರಾಬಾಯಿ. "ನಾ ಅವನ ಕರದ್ನಿ. ಇದ ನಮ್ಮ ಮುರಗೆಪ್ಪನ ಹಾಡು. ಎಮ್ಮಿ ಹೊಡಕೊಂಡು ಹೊಳಿ ಕಡಿಂದ ಬರೂಮುಂದ ಅಂವ ಇದನ್ನ ಹಾಡ್ಕೋತ ಬರತಿದ್ದ. ತಾನ ಕಟ್ಟಿದ್ದು. ಕೇಳಿದ ಕೂಡ್ಲೆ ನಾ ರೊಟ್ಟಿ ಬಡ್ಯಾಕ ಕುಂಡ್ರತಿದ್ನಿ, ಅವಗ ಬಿಸಿನ ಬೇಕು. ಅವತ್ತ ಹೊಲದಾಗ ಉಳದಿದ್ದ ಎಮ್ಮಿ ತರತೀನಿ ಅಂತ ನೀರಾಗ ಇಳದ ಹೋದ. ಎಮ್ಮಿ ಬಂದ್ವು. ಅಂವ ಇನ್ನೂ ಬರಬೇಕು."

ಹೊಳೆ ಅವನನ್ನು ಒಯ್ದು ಹನ್ನೆರಡು ವರ್ಷವಾಗಿತ್ತು. ಹೆಣ ಸಿಕ್ಕಿರಲಿಲ್ಲ.

"ಇದ ಎಲ್ಲಾರ ಫೋನಿನಾಗೂ ಬರತೈತೇನೋ?" ಎಂದು ಅವಳು ಲಖನನನ್ನು ಕೇಳಿದಳು.

"ಬರತೈತ್ರಿ ಆಯಿ."

"ಜಮಖಂಡಿ, ಆಲಮಟ್ಟಿ ಕಡೇಕೂ? ಹೊಳಿ ಆ ಕಡೇಕ ಹರದ ಹೋಗತೈತಿ."

"ಎಲ್ಲಾ ಕಡೇಕೂ ಬರತೈತಿ."

"ಹಂಗಾರ ಲಗೂ ಬಿಡ ಮಗಾ. ಧಾಟಿ ಮುರಗೆಪ್ಪಂದು ಅಂತ ಹೆಸರ ಹಾಕ. ನಂದ ಹಾಕಬ್ಯಾಡ. ನನ್ನ ಹಾಡ ನಮ್ಮವ್ವ ಕಸಗೊಂಡ್ಲು ಅಂದಾನು."

ಬರುವಾಗ ಲಖನ ಬೈಕನ್ನು ಓಡಿಸಲಿಲ್ಲ, ಹಾರಿಸಿದ. ಮನೆ ಮುಟ್ಟುವ ಮೊದಲೇ ನೀಲಮ ಮೇಡಮ್ಮಿಗೆ ಫೋನ್ ಹಚ್ಚಿದ. ಅವರು ಹೇಳಿದ್ದಿಷ್ಟು, ಮುರಗೆಪ್ಪ ಇದ್ದರೆ ಅವನ ಸಹಿ ಬೇಕು, ಇಲ್ಲದಿದ್ದರೆ ಅವನು ತೀರಿಕೊಂಡ ದಾಖಲೆ ಬೇಕು, ಆಗ ತಾಯಿಯ ಒಪ್ಪಿಗೆ ನಡೆಯುತ್ತದೆ. ಅದೂ ಆಗದಿದ್ದರೆ ಬ್ಯಾಂಜೋ ತೆಗೆದು ಬೇರೇನಾದರೂ ಹಾಕೋಣ.

"ಅದನ್ನ ತಗದ್ರ ಉಳಿಯೂದ ಏನ್ ದಾದಾ? ಬರೀ ನನ್ನ ಬಾಯಿ" ಎಂದ ಲಖನ. ಮಗ್ಗಕ್ಕೆ ಹೋಗುವುದು ಬಿಟ್ಟ. ನಿಪ್ಪಾಣಿಯಿಂದ ಬೋರಗಾಂವ, ಬೋರಗಾಂವದಿಂದ ನಿಪ್ಪಾಣಿ, ಬೈಕಿಗೆ ಒಂದು ಸ್ಪೀಕರ್ ಕಟ್ಟಿಕೊಂಡು ಬರೀ ತಿರುಗಾಟ. ತಿರುಗಾಟ ಬಿಟ್ಟರೆ ನನ್ನ ಅಂಗಡಿಗೆ ಬಂದು ಗಾಜು ಬಡಿಯುವುದು. ಹಗಲೆಲ್ಲ ಆ ಟಕಟಕ ಕೇಳಿ ನನಗೇ ಹುಚ್ಚು ಹಿಡಿಯುವ ಹಾಗಾಯಿತು.

ಕೊನೆಗೆ ನಾನೇ ರಾಯಬಾಗದ ಒಬ್ಬ ವಕೀಲರನ್ನು ಕಂಡೆ. ಏಳು ವರ್ಷ ಸುಳಿವಿಲ್ಲದವನನ್ನು ತೀರಿಕೊಂಡವನೆಂದು ಕೋರ್ಟು ಒಪ್ಪುತ್ತದೆ, ತಾಯಿ ಅರ್ಜಿ ಕೊಟ್ಟರೆ ಆಯಿತು ಎಂದರು. ಅರ್ಜಿ ಬರೆಸಿಕೊಂಡೆ. ಹೆಬ್ಬೆಟ್ಟಿಗೆ ಬೇಕೆಂದು ಶಾಯಿಯ ಪ್ಯಾಡನ್ನೂ ಕಿಸೆಯಲ್ಲಿಟ್ಟುಕೊಂಡೆ. ಲಖನನನ್ನು ಎಬ್ಬಿಸಿಕೊಂಡು ಹೊರಟೆ.

ದಿಗ್ಗೇವಾಡಿ ಹತ್ತಿರವಾದಾಗ ಸಂಜೆಯಾಗಿತ್ತು. ಹೊಳೆಯ ಕಡೆಯ ದಾರಿ ಹಿಡಿದಿದ್ದೆವು. ಸುಮ್ಮನಿರಲಾರದ ಲಖನ ಸ್ಪೀಕರಿನಲ್ಲಿ ಅದೇ ಹಾಡು ಹಚ್ಚಿದ. ನಾನೂ ಬೇಡವೆನ್ನಲಿಲ್ಲ. ಬ್ಯಾಂಜೋದ ಉದ್ದನೆಯ ಎಳೆತ ಕಬ್ಬಿನ ಹೊಲ ದಾಟಿ ಊರ ಕಡೆ ಹೋಯಿತು.

ಅಂಗಳಕ್ಕೆ ಬಂದು ಬೈಕ್ ನಿಲ್ಲಿಸಿದರೆ ಒಳಗೆ ರೊಟ್ಟಿ ಬಡಿಯುವ ಸಪ್ಪಳ. ಮೈದುನನ ಹೆಂಡತಿ ಹೊರಗೆ ಬಂದು ನಮ್ಮನ್ನು ನೋಡಿದಳು, ಸ್ಪೀಕರ್ ನೋಡಿದಳು.

"ನೀವ ಹಚ್ಚಿದ್ರೇನು?" ಎಂದಳು. "ಹಾಲ ಹಿಂಡೂದ ಅರ್ಧಕ್ಕ ಬಿಟ್ಟ ಎದ್ದ ಬಂದ್ಲು ನಮ್ಮಕ್ಕ. ಹಿಟ್ಟ ಕಲಸಾಕ."

ಅಷ್ಟರಲ್ಲಿ ಹಿಟ್ಟಿನ ಕೈಯಲ್ಲೇ ಗೌರಾಬಾಯಿ ಬಾಗಿಲಿಗೆ ಬಂದಳು. ನಮ್ಮನ್ನಲ್ಲ, ನಮ್ಮ ಹಿಂದಿನ ದಾರಿಯನ್ನು ನೋಡಿದಳು. ಆಮೇಲೆ, "ನೀವೇನ್ರಿ? ಬರ್ರಿ, ಕುಂಡ್ರಿ" ಎಂದಳು. ಲಖನನ ಬೆರಳು ನಿಂತಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಬಂದ ಕೆಲಸ ಹೇಳಲೇಬೇಕಾಗಿತ್ತು. ಅರ್ಜಿಯಲ್ಲಿ ಏನು ಬರೆದಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ಇದನ್ನ ಕೊಟ್ರ ಇವನ ಹಾಡ ಬರತೈತೇನು?"

"ಬರತೈತ್ರಿ."

"ಕೊಡದಿದ್ರ?"

"ಬರೂದಿಲ್ರಿ."

ಅವಳು ಲಖನನ ಮುಖವನ್ನೇ ನೋಡಿದಳು. ಮುರಗೆಪ್ಪ ಇದ್ದಿದ್ದರೆ ಅವನದೂ ಇದೇ ವಯಸ್ಸು. "ತಡೀರಿ, ಕೈ ತೊಳ್ಕೊಂಡ ಬರತೀನಿ. ಒಬ್ಬ ಮಗಂದರ ಕೆಲಸ ಆಗಲಿ" ಎಂದಳು.

ಬಂದು ಕೂತು ಹೆಬ್ಬೆರಳನ್ನು ಶಾಯಿಗೆ ಒತ್ತಿದಳು. ಕಾಗದದ ಮೇಲೆ ಜಾಗ ತೋರಿಸಲು ನಾನು ಬಗ್ಗಿದೆ. ಅವಳ ಕೈ ಇನ್ನೇನು ಇಳಿಯಬೇಕು, ಲಖನ ಕಾಗದವನ್ನು ಎಳೆದುಕೊಂಡ.

"ಬ್ಯಾಡ ಆಯಿ."

"ಲಖ್ಯಾ, ತಲಿ ನೆಟ್ಟಗ ಐತೇನಲೇ ನಿಂದು?" ಎಂದೆ ನಾನು. ಅವನಿಗಾಗಿ ಇಷ್ಟೆಲ್ಲ ಓಡಾಡಿದವನು ನಾನು, ಸಿಟ್ಟು ಬಾರದೆ ಏನು ಮಾಡೀತು.

ಅವನು ಕಾಗದವನ್ನು ಮಡಚಿ ಕಿಸೆಗಿಟ್ಟ. "ಮುರಗೆಪ್ಪ ಬಂದಾಗ ಸಹಿ ಮಾಡ್ತಾನ ದಾದಾ. ಅಲ್ಲೀತನಕ ಹಾಡ ನಿನ್ನ ಕಂಪ್ಯೂಟರಿನಾಗ ಇರಲಿ. ಯಾರಿಗೂ ಕೊಡಬ್ಯಾಡ."

ಗೌರಾಬಾಯಿ ನೀಲಿ ಹತ್ತಿದ ಹೆಬ್ಬೆರಳನ್ನು ಎತ್ತಿ ಹಿಡಿದೇ ಕೂತಿದ್ದಳು. ಆಮೇಲೆ ಅದನ್ನು ಸೆರಗಿಗೆ ಒರೆಸಿಕೊಂಡು, "ರೊಟ್ಟಿ ಆರತಾವ, ಏಳ" ಎಂದು ಅವನನ್ನು ಒಳಗೆ ಕರೆದಳು. ತಟ್ಟೆ ಹಿಡಿದು ತಿರುಗಾಡುವ ಲಖನ ಅವತ್ತು ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಅವಳು ಒಂದೊಂದೇ ಬಿಸಿ ರೊಟ್ಟಿ ತೆಗೆದು ಅವನ ತಟ್ಟೆಗೆ ಹಾಕುತ್ತಿದ್ದಳು. ಒಂದು ರೊಟ್ಟಿಯ ಅಂಚಿಗೆ ಅವಳ ಹೆಬ್ಬೆರಳಿನ ಶಾಯಿ ಹತ್ತಿತ್ತು. ಲಖನ ಅದನ್ನೂ ತಿಂದ.